ಗಿರಣಿಯ ಗುಬ್ಬಿ ಹುಳುವಿಗೆ ಹೊರಟದ್ದು

ಅಕ್ಕಿ ಗಿರಣಿಯ ಸೂರಿನಲ್ಲಿ ಗೂಡು ಕಟ್ಟಿದ್ದ ಗುಬ್ಬಿಗೆ ಈ ಸಲ ಮೂರು ಮರಿ. ಮೊಟ್ಟೆಯೊಡೆದ ಬೆಳಿಗ್ಗೆಯೇ ಅದು ಹಿತ್ತಲಿನ ಬದನೆ ಗಿಡಗಳತ್ತ ಹೊರಟಿತು.

“ಎಲ್ಲಿಗೆ?” ಎಂದು ಪಕ್ಕದ ಗೂಡಿನಲ್ಲಿ ಮೊಟ್ಟೆಯಿಡಲು ಕೂತಿದ್ದ ಅತ್ತೆ ಗುಬ್ಬಿ ಗದರಿತು.

“ಬದನೆ ಗಿಡದಿಂದ ಹುಳು ತರುವುದಕ್ಕೆ, ಅತ್ತೆ.”

“ಕೆಳಗೆ ನುಚ್ಚಿನ ರಾಶಿಯೇ ಬಿದ್ದಿದೆ. ಅದನ್ನೇ ಕೊಟ್ಟು ನಾವೆಲ್ಲ ಮರಿ ಸಾಕಲಿಲ್ಲವೇ? ಹೊಟ್ಟೆ ತುಂಬಿದರೆ ಸಾಲದೇ?”

“ಹೋದ ಸಲ ನಾನೂ ನುಚ್ಚನ್ನೇ ಕೊಟ್ಟೆ. ಹೊಟ್ಟೆ ತುಂಬಿತು, ರೆಕ್ಕೆ ಬಲಿಯಲಿಲ್ಲ.”

“ನಮ್ಮ ವಂಶದಲ್ಲಿ ಎಲ್ಲರೂ ಕುಳ್ಳರೇ. ಅದಕ್ಕೆ ಯಾರೇನು ಮಾಡುವುದು?”

ಹೋದ ಸಲದ ಮರಿ ಕಿಟಕಿಯವರೆಗೂ ಹಾರಲಾರದೆ ಬೆಕ್ಕಿನ ಬಾಯಿಗೆ ಬಿದ್ದದ್ದು ಗುಬ್ಬಿಯ ಕಣ್ಣಿಗೆ ಕಟ್ಟಿತ್ತು.

“ವಂಶದ ಮೇಲೆ ಹಾಕಬೇಡಿ ಅತ್ತೆ, ಉಣಿಸಿದ್ದು ನನ್ನ ಕೊಕ್ಕು. ರೆಕ್ಕೆ ಬಲಿಯುವುದು ಮೊದಲ ಹದಿನೈದು ದಿನದಲ್ಲಿ. ಆಮೇಲೆ ಏನು ತಂದು ಸುರಿದರೂ ಆ ದಿನಗಳು ಮರಳಿ ಬರುವುದಿಲ್ಲ.”

ಬದನೆ ಎಲೆಯಡಿ ಸಿಕ್ಕ ಮೊದಲ ಹುಳುವನ್ನು ಅದು ತಾನೇ ನುಂಗಿತು. ದಿನಕ್ಕೆ ನೂರು ಸಲ ಹಾರಬೇಕಲ್ಲ! ಎರಡನೆಯದನ್ನು ಕಚ್ಚಿಕೊಂಡು ಗೂಡಿಗೆ ಬಂತು. ಮಳೆ ಬಂದರೂ ಬಿಡಲಿಲ್ಲ, ಅತ್ತೆ ಮುಖ ತಿರುಗಿಸಿದರೂ ಬಿಡಲಿಲ್ಲ.

ಹದಿನಾರನೆಯ ದಿನ ಮೂರೂ ಮರಿಗಳು ಬೆಕ್ಕಿನ ತಲೆಯ ಮೇಲೆಯೇ ಹಾರಿ ಕಿಟಕಿ ದಾಟಿದವು.

ಅಂದೇ ಅತ್ತೆಯ ಗೂಡಿನಲ್ಲೂ ಮೊಟ್ಟೆಯೊಡೆದು ಒಂದು ಮರಿ ಬಾಯಿ ತೆರೆದಿತ್ತು. ಅತ್ತೆ ಕೊಕ್ಕಿನಲ್ಲಿದ್ದ ನುಚ್ಚನ್ನು ಕೆಳಗೆ ಉದುರಿಸಿ ಕೇಳಿತು:

“ಆ ಬದನೆ ಗಿಡ ಎಲ್ಲಿದೆ, ತೋರಿಸು ನಡಿ.”