ಸಾತವ್ವನ ನವಾರು

ಮಂಚಕ್ಕೆ ಹೆಣೆಯುವ ನವಾರು ನೇಯುತ್ತಿದ್ದ ಸಾತವ್ವನಿಗೆ ಒಬ್ಬನೇ ಮಗ, ತಿಪ್ಪಣ್ಣ. ದೇವರು ಅವನ ತೋಳಿಗೆ ಕೊಟ್ಟದ್ದರಲ್ಲಿ ಚೂರು ತಲೆಗೂ ಕೊಟ್ಟಿದ್ದರೆ ನಮಗೆ ಈ ಕತೆಯೇ ಇರುತ್ತಿರಲಿಲ್ಲ ಬಿಡಿ. "ನಾ ಸತ್ತ ಮ್ಯಾಲೆ ಇಂವನ್ನ ಯಾರು ನೋಡ್ಕೋಬೇಕು?" ಎಂಬುದೊಂದೇ ಅವಳ ಕೊರಗು.

ಒಂದು ದಿನ ಬೆಲ್ಲ ತರಲು ಕಳಿಸಿದಳು. ತಿಪ್ಪಣ್ಣ ಬೆಲ್ಲದ ಪೆಂಟೆಗೆ ಸಣ್ಣ ಹುರಿ ಕಟ್ಟಿ, ಕರುವನ್ನು ಎಳೆದಂತೆ ಎಳೆದುಕೊಂಡು ಬಂದ. ಹುರಿ ಬೆಲ್ಲವನ್ನು ಕೊಯ್ದು, ಬೆಲ್ಲ ದಾರಿಯ ಹಳ್ಳದ ಪಾಲಾಗಿ, ಹುರಿಯೊಂದೇ ಮನೆಗೆ ಬಂತು.

"ಹುರಿ, ಹಗ್ಗ ಎಲ್ಲಾ ಕೊಯ್ತಾವಲೇ. ನವಾರು ಅಗಲ, ಅದು ಕೊಯ್ಯೂದಿಲ್ಲ. ಏನ ತಂದರೂ ನವಾರಿನಾಗ ಬಿಗದು ಬೆನ್ನ ಮ್ಯಾಲೆ ಹೊರಬೇಕು. ಮನಿ ಮುಟ್ಟೂತನಕ ಇಳಿಸಬಾರದು."

"ಆತ ಬಿಡವ್ವಾ."

ಮರುದಿನ ಸೋದರತ್ತೆಯ ಮನೆಯಿಂದ ರೊಟ್ಟಿಯ ಗಂಟು ತರಬೇಕಿತ್ತು. ನವಾರಿನಲ್ಲಿ ಬಿಗಿದ, ಬೆನ್ನ ಮೇಲೆ ಹೊತ್ತ, ಎಲ್ಲೂ ಇಳಿಸಲಿಲ್ಲ. ಮನೆ ಮುಟ್ಟಿತಲ್ಲ, ಹೊಸ್ತಿಲಲ್ಲೇ ಇಳಿಸಿ ಆಡಲು ಹೋದ. ನಾಯಿಗಳು ಹೊಟ್ಟೆತುಂಬ ಉಂಡವು.

"ಹೊಸ್ತಿಲದಾಗ ಇಡ್ತಾರೇನಲೇ? ಒಳಗ ತಂದು, ನಾಯಿ ಇಲಿ ಮುಟ್ಟದಂಗ ತೊಲಿಗೆ ತೂಗಹಾಕಬೇಕು."

"ಆತ ಬಿಡವ್ವಾ."

ಮುಂದಿನ ವಾರ ಸಾತವ್ವ ಹೊಸ ನವಾರಿನ ಸುರುಳಿ ಮಾರಲು ಹೊರಟವಳು ಬಾವಿಕಟ್ಟೆಯಲ್ಲಿ ಸುರುಳಿ ಇಟ್ಟು, ನೀರಿಗೆ ಬಗ್ಗಿ, ಜಾರಿ ಬಿದ್ದಳು. ನೆರೆಮನೆಯ ದ್ಯಾಮವ್ವ ಕೂಗಿಕೊಂಡು ಹಗ್ಗ ತಂದಳು. ಓಡಿಬಂದ ತಿಪ್ಪಣ್ಣ ಅದನ್ನು ಆಚೆ ಎಸೆದ.

"ಹಗ್ಗ ಕೊಯ್ತದ. ನಮ್ಮವ್ವಗ ನವಾರ ಬೇಕು."

ಸುರುಳಿ ಬಿಚ್ಚಿ ಇಳಿಬಿಟ್ಟ. ಸಾತವ್ವ ಕಂಕುಳಿಗೆ ಸುತ್ತಿಕೊಂಡಳು. ತಿಪ್ಪಣ್ಣ ಎಳೆದ. ನವಾರು ಒದ್ದೆಯಾಯಿತು, ಹಿಗ್ಗಿತು, ಆದರೆ ಹರಿಯಲಿಲ್ಲ. ಮೇಲೆ ಬಂದವಳನ್ನು ಅದರಲ್ಲೇ ಬಿಗಿದು ಬೆನ್ನಿಗೇರಿಸಿ ನಡೆದೇಬಿಟ್ಟ.

"ಇಳಸಲೇ, ನಡೀತೀನಿ."

"ಮನಿ ಮುಟ್ಟೂತನಕ ಇಳಿಸಬಾರದು."

ಮನೆ ಬಂತು. ಹೊಸ್ತಿಲಲ್ಲಿ ಇಳಿಸಲಿಲ್ಲ. ಒಳಗೆ ತಂದು, ತೊಲೆಗೆ ನಾಲ್ಕು ಸುತ್ತು ನವಾರು ಹಾಕಿ, ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ತಾಯಿಯನ್ನು ತೂಗುಹಾಕಿದ.

ಹಿಂದೆಯೇ ಬಂದ ದ್ಯಾಮವ್ವ ತಲೆಯ ಮೇಲೆ ಕೈಹೊತ್ತಳು. "ಹಡದವ್ವನ್ನ ತೂಗಹಾಕೀಯಲ್ಲೋ, ಇಳಸೋ!"

ಸಾತವ್ವ ಬೈಯಲೆಂದು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ಕಣ್ಣೀರು ಬಂತು. ಇಂಥ ಮಗನನ್ನು ಕೊಟ್ಟದ್ದಕ್ಕೆ ಅವಳು ದೇವರಿಗೆ ಮೊದಲ ಸಲ ಕೈಮುಗಿದದ್ದು ಹೀಗೆ, ತೊಲೆಗೆ ನೇತಾಡುತ್ತ.

"ಇರಲಿ ಬಿಡ ದ್ಯಾಮವ್ವಾ. ಊರ ಮಂದಿ ಮಂಚಕ್ಕೆಲ್ಲಾ ನೇಯ್ದೆ. ನನ್ನ ನವಾರಿನ ಮ್ಯಾಲೆ ನಾ ಮಲಗಿದ್ದು ಇವತ್ತ."

ತಿಪ್ಪಣ್ಣ ಕೋಲು ಹಿಡಿದು ಕೆಳಗೆ ಕುಳಿತ.

"ಮಲಕೋ ಯವ್ವಾ. ಇಲಿ ಬಂದರ ನಾ ಅದೀನಿ."