ಹೋಯ್ತು ಎನ್ನಬಾರದ ಅರಮನೆ

"ಕೇಳ್ರಪ್ಪೋ ಕೇಳ್ರಿ! ಅರಮನೆ ಮಾಳಿಗೆ ಮೇಲಿನ ಡಿಶ್ ಗಾಳಿಗೆ ತಿರುಗಿಕೊಂಡಿದೆ. ರಾಜಕುಮಾರಿ ಹೊನ್ನಾಂಬೆಯವರ ಮೂರು ಒಗಟು ಒಡೆದು, ಟೀವಿಯಲ್ಲಿ ಚಿತ್ರ ಬರಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ! ಸೋತವನ ತಲೆಯನ್ನು ಅಮಾವಾಸ್ಯೆಯ ದಿನ ದೊಡ್ಡದು ಮಾಡಲಾಗುವುದು!"

ಡಂಗುರ ಸಾರಿದ್ದು ಹೀಗೆ. ತಲೆ ದೊಡ್ಡದು ಮಾಡುವುದೆಂದರೇನು ಅಂತ ಹೊಂಬಳ್ಳಿ ಸೀಮೆಯಲ್ಲಿ ಯಾರೂ ಕೇಳಲಿಲ್ಲ. ದೀಪ ಆರಿದರೆ ದೊಡ್ಡದಾಯ್ತು, ಬಳೆ ಒಡೆದರೆ ಹೆಚ್ಚಿತು ಅನ್ನುವುದು ಎಲ್ಲರ ಮನೆಯಲ್ಲೂ ಉಂಟು. ಆ ಅರಮನೆಯಲ್ಲಿ ಮಾತ್ರ ಅದು ಅತಿಗೆ ಏರಿತ್ತು. 'ಇಲ್ಲ', 'ಹೋಯ್ತು' ಎರಡೂ ಅಪಶಕುನ; ಅಂದವನ ತಲೆಯೂ ದೊಡ್ಡದೇ. ಪಟ್ಟದಾನೆ ಸರಪಳಿ ಕಿತ್ತುಕೊಂಡು ಕಾಡು ಸೇರಿದಾಗ ಮಂತ್ರಿ "ಆನೆ ಬರ್ತಾ ಇದೆ ಪ್ರಭೂ" ಅಂದಿದ್ದ. ಈಗ ಟೀವಿಯಲ್ಲಿ 'ಸಿಗ್ನಲ್ ಇಲ್ಲ' ಅಂತ ಮೂಡಿದರೆ 'ಸಿಗ್ನಲ್ ತುಂಬಿದೆ' ಅಂತ ಓದುತ್ತಿದ್ದ. ಕುಸ್ತಿ ನೋಡದೆ ರಾಜ ಗಜಾಂಕುಶನಿಗೆ ಊಟ ಸೇರುತ್ತಿರಲಿಲ್ಲ.

ಈ ಸಿಹಿಮಾತುಗಳೆಂದರೆ ಹೊನ್ನಾಂಬೆಗೆ ಮೈಯೆಲ್ಲ ಉರಿ. ಅವಳು ಚಿಕ್ಕವಳಿದ್ದಾಗ ತಾಯಿ ತೀರಿಕೊಂಡರು. ಹಾಗಂತ ಯಾರೂ ಹೇಳಲಿಲ್ಲ. "ಅಮ್ಮ ತವರಲ್ಲಿದ್ದಾರೆ, ಬರ್ತಾರೆ" ಅಂದರು. ಮಗು ಕಿಟಕಿಯ ಸರಳು ಹಿಡಿದು ಕಾದೇ ಕಾದಿತು. ಇದ್ದದ್ದನ್ನು ಇದ್ದಂತೆ ಕೇಳಬಲ್ಲವನನ್ನೇ ಮದುವೆಯಾಗುವುದು ಅಂತ ನಿಜ ತಿಳಿದ ದಿನವೇ ಅವಳ ಮನಸ್ಸು ಗಟ್ಟಿಯಾಯಿತು. ಒಗಟುಗಳೇನೋ ಅವಳವು. ತಲೆಯ ಮಾತನ್ನು ಸೇರಿಸಿದ್ದು ಅಪ್ಪ, ಅದಕ್ಕಾಗಿ ಅವಳು ಅತ್ತದ್ದು ಅಷ್ಟಿಷ್ಟಲ್ಲ.

ಜರಿಪೇಟದ ರಾಜಕುಮಾರನೊಬ್ಬ ಬಂದ. "ಆಕಾಶದಲ್ಲಿ ಒಂದೇ ಕಡೆ ನಿಂತಿದೆ, ಯಾರ ಕಣ್ಣಿಗೂ ಬೀಳದು. ಒಂದು ಕೊಂಬೆ ಅಡ್ಡ ಬಂದರೂ ಮುನಿಸಿಕೊಂಡು ಮಾತು ಬಿಡುತ್ತದೆ. ಯಾವುದದು?" ಅಂತ ಅವಳು ಕೇಳಿದಳು. ಅವನು "ದೇವರು" ಅಂದು ಕೈಮುಗಿದ. ಸೆರೆಮನೆಗೆ ನಡೆದ.

ಎರಡನೆಯವನಿಗೆ ಎರಡನೆಯ ಒಗಟು ಮುಳುವಾಯಿತು. "ಕೂದಲೆಳೆಯಷ್ಟು ಸರಿದರೆ ಸಿಗುತ್ತದೆ. ಅವಸರ ಮಾಡಿದರೆ ಕೈಗೆ ತಗುಲಿದ್ದೂ ತಿಳಿಯದೆ ದಾಟಿಬಿಡುತ್ತದೆ. ಅದನ್ನು ಹಿಡಿಯುವ ಬಲೆ ಯಾವುದು?" ಅವನು ಮೀನಿನ ಬಲೆ ಅಂದ. ಆಸ್ಥಾನದವರು ಚಪ್ಪಾಳೆ ತಟ್ಟಿದರು, ಅವರಿಗೆ ಯಾವ ಉತ್ತರವೂ ತಪ್ಪಲ್ಲವಲ್ಲ.

ಮೊದಲೆರಡನ್ನೂ ಒಡೆದ ಮೂರನೆಯವನಿಗೆ ಅವಳು ಕೇಳಿದಳು: "ತಿರುಗಿಸುವವನಿಗೆ ಕಾಣದು, ಕಾಣುವವನು ತಿರುಗಿಸಲಾರ. ಇಬ್ಬರ ನಡುವಿನ ಏಣಿ ಯಾವುದು?" ಅವನು "ರಿಮೋಟು" ಅಂದು ಮೀಸೆ ತಿರುವಿ ಮಾಳಿಗೆ ಹತ್ತಿದ. ಡಿಶ್ ಅಲುಗಿಸಿದಾಗಲೆಲ್ಲ ಕಿಟಕಿಯಿಂದ ಮಂತ್ರಿ "ಬಂತು, ಬಂತು!" ಅಂದದ್ದೇ ಅಂದದ್ದು. ಕೆಳಗಿಳಿದು ನೋಡಿದರೆ ಪರದೆ ಕಪ್ಪು. ಹೀಗೆ ಮೂವರೂ ಸೆರೆಮನೆ ಸೇರಿದರು.

ಅಮಾವಾಸ್ಯೆಯ ಬೆಳಿಗ್ಗೆ ಸಣ್ಣೀರ ಬಂದ. ಬಾವಿಗೆ ಬಿದ್ದ ಕೊಡಗಳನ್ನು ಪಾತಾಳಗರಡಿಯ ಕೊಕ್ಕೆ ಇಳಿಬಿಟ್ಟು ತೆಗೆಯುವವನು. ಒಳಗೆ ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಆದರೂ ಹೊನ್ನಾಂಬೆ ಮೊದಲ ಒಗಟು ಕೇಳಿದಳು.

"ಮೇಲಿರೋ ಉಪಗ್ರಹ ಅಲ್ವಾ, ಅಮ್ಮಣ್ಣಿಯವರೇ? ನಿಮ್ಮ ಡಿಶ್ಶಿಗೂ ಅದಕ್ಕೂ ನಡುವೆ ಬೇವಿನ ಕೊಂಬೆ ಬಂದೈತೆ. ಮೊದಲು ಅದನ್ನ ಕಡಿಸಿ."

"ಎರಡನೆಯದು?"

"ತಾಳ್ಮೆ. ನಾನು ಗರಡಿ ಒಂದಿಷ್ಟು ಸರಿಸಿ, ಸುಮ್ಕೆ ನಿಂತು ಕಾಯ್ತೀನಿ. ಎಳೆದಾಡಿದ್ರೆ ಕೊಡ ಇನ್ನೂ ಕೆಸರಿಗೆ ಹೂತ್ಕೊತದೆ."

"ಮೂರನೆಯದು?"

ಸಣ್ಣೀರ ತಲೆ ಕೆರೆದುಕೊಂಡ. "ಅದು ಮಾಳಿಗೆ ಹತ್ತಿದ್ರೇ ಗೊತ್ತಾಗೋದು" ಅಂದು ಹತ್ತಿದ. ಕೊಂಬೆ ಬಿತ್ತು. ಡಿಶ್ಶನ್ನು ಒಂದಿಷ್ಟು ತಿರುಗಿಸಿ ನಿಂತ. "ಬಂತು, ಬಂತು!" ಅಂದ ಮಂತ್ರಿ.

"ಬಂದಿದ್ರೆ ಟೀವಿ ಸದ್ದೆಲ್ಲಿ ಸ್ವಾಮಿ?" ಸಣ್ಣೀರ ಮಾಳಿಗೆಯಿಂದ ಬಗ್ಗಿ ಕೂಗಿದ. "ನಾನು ಬಾವಿಗೆ ಇಳಿದಾಗ ಮೇಲೆ ನಮ್ಮವ್ವ ಹಗ್ಗ ಹಿಡೀತಾಳೆ. ಹಗ್ಗ ಸವೆದಿದ್ರೆ ಸವೆದೈತೆ ಅಂತಾಳೆ, ಬೈದು ಮೇಲಕ್ಕೆ ಎಳ್ಕೊತಾಳೆ. ಅದಕ್ಕೇ ಬದುಕಿದೀನಿ. ಇಲ್ಲಿ ಇಲ್ಲ ಅಂದ್ರೆ ಇಲ್ಲ ಅನ್ನೋರು ಯಾರೂ ಇಲ್ವಾ?"

ಹೊನ್ನಾಂಬೆ ಸೆರಗು ಸಿಕ್ಕಿಸಿಕೊಂಡು ಓಡಿಹೋಗಿ ಟೀವಿಯ ಮುಂದೆ ನಿಂತಳು.

"ಬಂತಾ?"

"ಇಲ್ಲ!"

ಮಂತ್ರಿ ಕಿವಿ ಮುಚ್ಚಿಕೊಂಡ.

"ಈಗ?"

"ಇಲ್ಲ! ಇನ್ನೊಂಚೂರು… ಬಂತು! ಅಯ್ಯೋ, ಹೋಯ್ತು! ಹೋಯ್ತು!"

ಎಷ್ಟೋ ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಬಂದದ್ದಕ್ಕೆ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು. ಮಗಳಾದರೇನು, ಆಜ್ಞೆ ಆಜ್ಞೆಯೇ.

"ಹಿಂದಕ್ಕೆ ತಿರುಗಿಸು! ಹಾಂ, ಬಂತು! ಅಲ್ಲೇ ನಿಲ್ಲು, ಅಲುಗಾಡಬೇಡ!"

ಸಣ್ಣೀರ ನಟ್ಟು ಬಿಗಿದ. ಪರದೆ ತುಂಬ ಕೆಮ್ಮಣ್ಣಿನ ಅಖಾಡ, ರಾಜನ ಮೆಚ್ಚಿನ ಪೈಲ್ವಾನ ತೊಡೆ ತಟ್ಟುತ್ತಿದ್ದ. ರಾಜ ಕತ್ತಿಯನ್ನು ಅರ್ಧಕ್ಕೇ ಬಿಟ್ಟು ಮುಂದೆ ಬಾಗಿದ. ಅಷ್ಟರಲ್ಲಿ ಎದುರಾಳಿ ಪೈಲ್ವಾನನನ್ನು ಎತ್ತಿ ಧೊಪ್ಪನೆ ಕೆಡವಿದ.

"ಅಯ್ಯೋ, ಹೋಯ್ತು!" ಅಂದ ರಾಜ.

ಇಡೀ ಆಸ್ಥಾನ ಅವನನ್ನೇ ನೋಡಿತು. ರಾಜ ಬಾಯಿ ಮುಚ್ಚಿಕೊಂಡ, ಸುತ್ತ ನೋಡಿದ, ಆಮೇಲೆ ಹೊಟ್ಟೆ ಕುಲುಕಿಸಿ ನಗಲು ಶುರುಮಾಡಿದ. ಕೆಳಗಿಳಿದು ಬಂದ ಸಣ್ಣೀರ ಕೈಮುಗಿದು, "ಮೂರನೇದಕ್ಕೆ ಉತ್ತರ ಅಮ್ಮಣ್ಣಿಯವರೇ ಕೂಗಿದ್ರಲ್ಲ ಬುದ್ಧಿ. ನಿಜವಾದ ಮಾತು. ಅದೇ ಏಣಿ" ಅಂದ.

"ಅರ್ಧ ರಾಜ್ಯ ನಿನ್ನದು" ಅಂದ ರಾಜ.

"ಅದರಲ್ಲಿ ಬಾವಿಗಳು ಎಷ್ಟವೆ ಬುದ್ಧಿ? ಮೊದಲು ಆ ಮೂವರನ್ನ ಬಿಡಿಸಿ. ಅವರು ಸೋತಿದ್ದು ತಪ್ಪಿದ್ರೆ ತಪ್ಪು ಅನ್ನೋರು ಇಲ್ಲದೆ."

ಮೂವರೂ ಮದುವೆಯ ಊಟಕ್ಕೇ ಬಿಡುಗಡೆಯಾದರು. ಸಣ್ಣೀರನ ಅವ್ವ, ಬೀಗಿತ್ತಿ ದೊಡ್ಡತಾಯಮ್ಮ ಪಾಯಸ ರುಚಿ ನೋಡಿ ಬೆಲ್ಲ ಸಾಲದು ಅಂದಳು, ಅಡುಗೆಯವನು ಬೆಲ್ಲ ಹಾಕಿದ. ಧಾರೆಗೆ ಮುಂಚೆ ರಾಜ ಮಗಳ ಪಕ್ಕ ಕೂತು, "ನಿನ್ನ ಅಮ್ಮ ಹೋಗಿಬಿಟ್ಟಳು ಮಗಳೇ. ಹೇಳಲು ಬಾಯಿ ಬರಲಿಲ್ಲ" ಅಂದ. ಅವಳು ಅಪ್ಪನ ಹೆಗಲಿಗೊರಗಿ ಮನಸಾರೆ ಅತ್ತು, ಕಣ್ಣೊರೆಸಿಕೊಂಡು ಹಸೆಗೆ ಹೋದಳು.

ಈಗಲೂ ಗಾಳಿಯ ಕಾಲ ಬಂದರೆ ಹೊಂಬಳ್ಳಿಯ ಮಾಳಿಗೆಯಿಂದ "ಬಂತಾ?" ಅನ್ನುವ ಕೂಗು ಕೇಳುತ್ತದೆ. ಕೆಳಗಿನಿಂದ "ಹೋಯ್ತು!" ಅಂತ ಉತ್ತರ ಬರುತ್ತದೆ. ದಾರಿಯಲ್ಲಿ ಹೋಗುವವರು ಅದನ್ನು ಕೇಳಿ, ಗಂಡಹೆಂಡಿರು ಚೆನ್ನಾಗಿದ್ದಾರೆ ಅಂದುಕೊಂಡು ಮುಂದೆ ನಡೆಯುತ್ತಾರೆ.