ಮುಂದೊಲೆ ವಾಡೆ

ಹಳೆಪೇಟೆಯ ಕಮಾನು ದಾಟಿ ಗಾಣಿಗರ ಓಣಿಗೆ ತಿರುಗಿದರೆ ಎಡಗಡೆಗೆ ಸಿಗುವುದೇ ಮುಂದೊಲೆ ವಾಡೆ. ಹಳೆಯ ಮನೆಗಳನ್ನು ನೋಡುತ್ತ ಬರುವವರು ಇಲ್ಲಿ ತಪ್ಪದೆ ನಿಲ್ಲುತ್ತಾರೆ. ಸುತ್ತಲಿನ ಮನೆಗಳಲ್ಲೆಲ್ಲ ಅಡುಗೆಮನೆ ಹಿತ್ತಿಲ ಕಡೆಗಿದ್ದರೆ, ಇಲ್ಲಿ ಮಾತ್ರ ಒಲೆ ಪಡಸಾಲೆಯಲ್ಲಿ, ತೂಗುಮಂಚದ ಎದುರಿಗೇ ಇದೆ.

ಹಿಂದೆ ಒಮ್ಮೆ ಈ ವಾಡೆಯಲ್ಲಿ ಸಂಗನಬಸಪ್ಪ ದೇಸಾಯಿ ಎಂಬಾತ ಇದ್ದನಂತೆ. ಅವನ ತಂದೆ ಉಣ್ಣುತ್ತಿದ್ದಂತೆಯೇ ಎಲೆಯ ಮುಂದೆ ಒರಗಿ ಸತ್ತಿದ್ದ. ಅಂದಿನಿಂದ ಮಗನಿಗೆ ಅನ್ನ ಕಂಡರೆ ಅಂಜಿಕೆ. ನೀರು ಕೊಟ್ಟವರ ಕೈ ನೋಡುವನು, ನಕ್ಕವರ ಕಣ್ಣು ನೋಡುವನು. ಮದುವೆಯಾಗಿ ಬಂದ ಗುರುಸಿದ್ದವ್ವನ ಮೇಲೂ ನಂಬಿಕೆ ಹುಟ್ಟಲಿಲ್ಲ. ಒಳಗಿನ ಒಲೆ ಕೀಳಿಸಿ ಪಡಸಾಲೆಯಲ್ಲಿ ಹಾಕಿಸಿದ. ತೂಗುಮಂಚದ ಮೇಲೆ ಕೂತು ಆಕೆಯ ಅಡುಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಮೊದಲ ತುತ್ತು ಅವಳೇ ತಿಂದು ತೋರಿಸಬೇಕು. “ನನ್ನ ಕೈ ನಂಬದವರು ನನ್ನ ಬಾಯಿ ಹೆಂಗ ನಂಬತೀರಿ?” ಎಂದು ಆಕೆ ಕೇಳಿದಳು. ಆ ಮಾತಿನ ಹಿಂದೆಯೂ ಏನೋ ಇದೆ ಎಂದೇ ಅವನಿಗೆ ತೋರಿತು.

ಅವನು ನಂಬಿದ್ದು ಚಿಕ್ಕಪ್ಪ ಮಲಕಾಜಪ್ಪನೊಬ್ಬನನ್ನು. ವಾಡೆಯ ಮೇಲೆ ಆತನ ಕಣ್ಣಿರುವುದು ಓಣಿಗೆಲ್ಲ ಗೊತ್ತಿತ್ತು, ದೇಸಾಯಿಗೊಬ್ಬನಿಗೆ ಗೊತ್ತಿರಲಿಲ್ಲ. ಒಂದು ದಿನ ಆತ ಗುಡಿಯ ಪ್ರಸಾದವೆಂದು ಸಿಹಿ ಮಾದಲಿ ತಂದುಕೊಟ್ಟ. “ಕಾಕಾ ತಂದದ್ದಕ್ಕ ರುಚಿ ನೋಡೂದು ಬ್ಯಾಡ” ಎಂದ ದೇಸಾಯಿ. “ಮೊದಲ ತುತ್ತು ನಂದಲ್ಲೇನ್ರಿ?” ಎನ್ನುತ್ತ ಗುರುಸಿದ್ದವ್ವ ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ನಾಲಿಗೆ ತೊದಲಿತು, ಕುಸಿದು ಬಿದ್ದಳು. ಚಿಕ್ಕಪ್ಪನಿಗೆ ಮಸಿ ಬಳಿಯಲು ಹೂಡಿದ ಆಟವಿದು ಎಂದುಕೊಂಡು ದೇಸಾಯಿ ಕೂತಲ್ಲಿಂದ ಏಳಲಿಲ್ಲ. ಆದರೂ ಅನುಮಾನದ ಚಟ ಬಿಡದೆ, “ಕಾಕಾ, ನೀನೂ ಒಂದು ತುತ್ತು ತಿಂದು ತೋರಸು” ಎಂದ. ಮಲಕಾಜಪ್ಪ ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದ. ಆಗ ದೇಸಾಯಿ ಕೂತಲ್ಲಿಂದ ಜಿಗಿದೆದ್ದ. ಹೆಂಡತಿಯನ್ನು ಹೆಗಲ ಮೇಲೆ ಹಾಕಿಕೊಂಡು ವೈದ್ಯರ ಮನೆಗೆ ಓಡಿದ.

ಆಕೆ ಬದುಕಿದಳು, ಎದ್ದು ಓಡಾಡುವಂತಾದದ್ದೇ ತವರಿಗೆ ಹೋದಳು. ಕರೆಯಲು ಬಂದ ಗಂಡನಿಗೆ, “ಒಲಿ ಅಲ್ಲೇ ಇರಲಿ. ಅದರ ಮುಂದ ನೀವು ಕೂಡ್ರಿ, ತೂಗುಮಂಚದ ಮ್ಯಾಲ ನಾ ಕೂಡತೀನಿ” ಎಂದಳು. ದೇಸಾಯಿ ಒಪ್ಪಿದ. ಹೊಗೆಯಲ್ಲಿ ಕೆಮ್ಮುತ್ತ ರೊಟ್ಟಿ ಬಡಿದು, ಮೊದಲ ಚೂರು ಮುರಿದು ತನ್ನ ಬಾಯಿಗೆ ಒಯ್ದ. ಗುರುಸಿದ್ದವ್ವ ಅವನ ಕೈ ತಡೆದು, ಆ ಚೂರನ್ನು ಇಸಿದುಕೊಂಡು ತಾನೇ ಉಂಡಳಂತೆ. ದೇಸಾಯಿ ಒಲೆಯ ಮುಂದೆಯೇ ಬಿಕ್ಕಿಬಿಕ್ಕಿ ಅತ್ತನೆನ್ನುತ್ತಾರೆ.

ಒಲೆಯ ಮೇಲಿನ ತೊಲೆಗಳು ಇಂದಿಗೂ ಹೊಗೆ ಹಿಡಿದು ಕಪ್ಪಾಗಿವೆ. ನೋಡಲು ಬಂದವರಿಗೆ ಈಗಿನ ಮನೆಯವರು ಚಹಾ ಕೊಡುತ್ತಾರೆ. ಕಥೆ ಕೇಳಿದವರಲ್ಲಿ ಕೆಲವರು ಲೋಟ ಕೈಯಲ್ಲೇ ಹಿಡಿದು, ಕೊಟ್ಟವರ ಮುಖ ನೋಡುತ್ತ ಕೂರುತ್ತಾರೆ.